ಮಗುವಿನ ಮೆದುಳನ್ನು ಮನೆಯಲ್ಲೇ ಕಲಿಕೆಗೆ ಹದ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂರರಿಂದ ಆರು ವರ್ಷದ ಮಕ್ಕಳ ಜೊತೆ ನಾನು ತುಂಬ ವರ್ಷ ಕಳೆದಿದ್ದೇನೆ. ಇಬ್ಬರು ಮಕ್ಕಳ ತಾಯಿಯೂ ಹೌದು. ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಒಂದೇ ತರಹ ಇರುತ್ತವೆ. ಕೇಳುವಾಗಿನ ಆತಂಕವೂ ಅಷ್ಟೇ. ಆ ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೆದುಳು ಕಲಿಕೆಗೆ ಸಿದ್ಧವಾಗುವುದು ಅಂದರೆ ಏನು? ಅಕ್ಷರ, ಅಂಕಿ ಮೊದಲೇ ಕಲಿಸಿಬಿಡುವುದಾ?

ಅಲ್ಲ. ನೆಲ ಹದ ಮಾಡುವುದು ಬೇರೆ, ಬೀಜ ಬಿತ್ತುವುದು ಬೇರೆ. ಅಕ್ಷರ ಕಲಿಯುವ ಮೊದಲು ಮಗುವಿಗೆ ಬೇರೆ ಕೆಲವು ಸಂಗತಿ ಬರಬೇಕು. ಹೇಳಿದ್ದನ್ನು ಕೇಳಿಸಿಕೊಂಡು ಅರ್ಧ ನಿಮಿಷ ನೆನಪಲ್ಲಿಟ್ಟುಕೊಳ್ಳಬೇಕು. ಸರದಿ ಬರುವವರೆಗೆ ಕಾಯಬೇಕು. ತಪ್ಪಾದರೆ ಇನ್ನೊಮ್ಮೆ ಕೈ ಹಾಕಬೇಕು. ಗೊತ್ತಾಗದಿದ್ದರೆ ಕೇಳಬೇಕು. ಇವಿಷ್ಟು ಇದ್ದರೆ ಅಕ್ಷರ ತಾನಾಗಿ ಹತ್ತುತ್ತದೆ. ಇವಿಲ್ಲದೆ ಮೂರನೇ ವರ್ಷಕ್ಕೇ ಇಡೀ ವರ್ಣಮಾಲೆ ಒಪ್ಪಿಸುವ ಮಗು ಆಮೇಲೆ ತರಗತಿಯಲ್ಲಿ ಒದ್ದಾಡುವುದನ್ನು ನಾನು ನೋಡಿದ್ದೇನೆ.

ಯಾವ ವಯಸ್ಸಿಗೆ ಶುರು ಮಾಡಬೇಕು?

ಅದು ಆಗಲೇ ಶುರುವಾಗಿರುತ್ತದೆ. 1986ರಲ್ಲಿ ಇಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಗರ್ಭಿಣಿಯರು ಕೊನೆಯ ಕೆಲವು ವಾರ ದಿನವೂ ಒಂದೇ ಕಥೆಯ ತುಣುಕನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಆ ಮಕ್ಕಳಿಗೆ ಎರಡು ಕಥೆ ಕೇಳಿಸಿದಾಗ, ಹೊಟ್ಟೆಯಲ್ಲಿದ್ದಾಗ ಕೇಳಿದ ಕಥೆಗೇ ಅವು ಒಲವು ತೋರಿದವು. ಅರ್ಥ ಗೊತ್ತಾಗಿ ಅಲ್ಲ. ಆ ಲಯ ಅವಕ್ಕೆ ಪರಿಚಿತವಾಗಿತ್ತು.

ಹುಟ್ಟುವಾಗ ಮಗುವಿನ ಮೆದುಳು ದೊಡ್ಡವರ ಮೆದುಳಿನ ಕಾಲು ಭಾಗದಷ್ಟಿರುತ್ತದೆ. ಒಂದು ವರ್ಷದಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಐದು ವರ್ಷದ ಹೊತ್ತಿಗೆ ಸುಮಾರು ಶೇಕಡಾ 90ರಷ್ಟು ಬೆಳೆದಿರುತ್ತದೆ. ಹೀಗೆ ಬೆಳೆಯುವಾಗ ನರಕೋಶಗಳ ನಡುವೆ ಲೆಕ್ಕವಿಲ್ಲದಷ್ಟು ಕೊಂಡಿಗಳು ಬೆಸೆದುಕೊಳ್ಳುತ್ತವೆ. ಮೆದುಳು ಬೇಕಾದ್ದಕ್ಕಿಂತ ಜಾಸ್ತಿ ಕೊಂಡಿ ಮಾಡಿಕೊಂಡು, ಆಮೇಲೆ ಬಳಕೆಯಾಗದ್ದನ್ನು ಸವರಿ ಹಾಕುತ್ತದೆ. ಜನ ನಡೆದಾಡುವ ಕಾಲುದಾರಿ ಉಳಿಯುತ್ತದೆ, ಯಾರೂ ನಡೆಯದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ ಅಲ್ವಾ, ಹಾಗೆ. ಮಗು ದಿನವೂ ಏನು ಕೇಳುತ್ತದೆ, ನೋಡುತ್ತದೆ, ಮುಟ್ಟುತ್ತದೆ ಅನ್ನುವುದರ ಮೇಲೆ ಯಾವ ದಾರಿ ಉಳಿಯಬೇಕು ಅನ್ನುವುದು ಬಹುಪಾಲು ತೀರ್ಮಾನವಾಗುತ್ತದೆ.

ನಮ್ಮ ಮಗುವಿಗೆ ಆಗಲೇ ನಾಲ್ಕು ದಾಟಿದೆ. ತಡವಾಯಿತಾ?

ಇಲ್ಲ. ಮೊದಲ ಮೂರು ವರ್ಷ ಮುಗಿದರೆ ಬಾಗಿಲು ಹಾಕಿಹೋಯಿತು ಅನ್ನುವ ಮಾತನ್ನು ನಂಬಬೇಡಿ. ಹಣೆಯ ಹಿಂದೆ ಇರುವ ಮೆದುಳಿನ ಭಾಗವೇ ಯೋಚಿಸುವುದು, ತಡೆದುಕೊಳ್ಳುವುದು, ಮುಂದಿನದನ್ನು ಲೆಕ್ಕ ಹಾಕುವುದನ್ನು ನೋಡಿಕೊಳ್ಳುತ್ತದೆ. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು.

ಬೇಗ ಶುರು ಮಾಡಿದರೆ ಒಳ್ಳೆಯದು ಅನ್ನುವುದೂ ನಿಜ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಹೊತ್ತಿಗೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅಲ್ಲಿನ ಅನಾಥಾಲಯಗಳಲ್ಲಿ ಮಕ್ಕಳಿಗೆ ಊಟ ಬಟ್ಟೆ ಸಿಗುತ್ತಿತ್ತು. ಆದರೆ ಎತ್ತಿಕೊಂಡು ಮಾತಾಡಿಸುವವರು ಕಡಿಮೆ. ಕೆಲವು ಮಕ್ಕಳನ್ನು ಮನೆಗಳಿಗೆ ಕಳಿಸಿ, ಸಾಕುವ ತಂದೆ ತಾಯಿಯ ಜೊತೆ ಬೆಳೆಸಿದರು. ಅವು ಚೇತರಿಸಿಕೊಂಡವು. ಎರಡು ವರ್ಷಕ್ಕೆ ಮುಂಚೆ ಮನೆ ಸೇರಿದ ಮಕ್ಕಳು ಹಲವು ವಿಷಯದಲ್ಲಿ ಇನ್ನೂ ಚೆನ್ನಾಗಿ ಚೇತರಿಸಿಕೊಂಡವು. ಅದು ತೀರಾ ಕಠಿಣ ಪರಿಸ್ಥಿತಿ. ನಿಮ್ಮ ಮನೆಯಲ್ಲಿ ಪ್ರೀತಿಯಿಂದ ಬೆಳೆದ ಮಗುವಿಗೆ ಆ ಹೆದರಿಕೆ ಬೇಡ. ಇವತ್ತು ಇರುವ ವಯಸ್ಸಿನಿಂದಲೇ ಶುರು ಮಾಡಿ.

"ಮಗುವಿನ ಜೊತೆ ಮಾತಾಡಿ" ಅಂತ ಎಲ್ಲರೂ ಹೇಳುತ್ತಾರೆ. ಮಾತು ಬಾರದ ಕೂಸಿನ ಜೊತೆ ಏನು ಮಾತಾಡುವುದು?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ. ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಎಂಟು ತಿಂಗಳ ಕೂಸು ಎತ್ತರದ ಕುರ್ಚಿಯಲ್ಲಿ ಕೂತಿದೆ. ಕೈಯಲ್ಲಿ ಚಮಚ. ಅದು ಚಮಚವನ್ನು ಕುರ್ಚಿಯ ಅಂಚಿನಿಂದ ಆಚೆ ಹಿಡಿಯುತ್ತದೆ. ನಿಮ್ಮ ಮುಖ ನೋಡುತ್ತದೆ. ಬೆರಳು ಬಿಡುತ್ತದೆ. ಠಣ್! ಕೆಳಗೆ ಬಗ್ಗಿ ನೋಡಿ, ಮತ್ತೆ ನಿಮ್ಮ ಮುಖ ನೋಡುತ್ತದೆ. ನೀವು "ಅಯ್ಯೋ, ಬಿತ್ತಾ? ಎಲ್ಲಿ ಹೋಯ್ತು? ಇಲ್ಲಿದೆ ನೋಡು" ಅಂತ ಎತ್ತಿ ಕೊಡುತ್ತೀರಿ. ಅದು ಮತ್ತೆ ಬೀಳಿಸುತ್ತದೆ. ಆರನೇ ಸಲ ನಿಮಗೆ ಸಿಟ್ಟು ಬರುತ್ತದೆ. ಆದರೆ ಆ ಆರು ಸಲದಲ್ಲಿ ಮಗು ಕಲಿತದ್ದನ್ನು ನೋಡಿ. ಬಿಟ್ಟರೆ ಬೀಳುತ್ತದೆ. ಬಿದ್ದರೆ ಸದ್ದಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಳಗೆ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, "ನಾನು ಏನಾದರೂ ಮಾಡಿದರೆ ಈ ಮನುಷ್ಯರು ಓಗೊಡುತ್ತಾರೆ" ಅಂತ ಗೊತ್ತಾಗುತ್ತದೆ.

ಓಗೊಡುವುದು. ಆ ಪದವೇ ಸಾಕು. ಮಗು ಕೂಗಿದರೆ, ಬೆರಳು ತೋರಿಸಿದರೆ, ಕಣ್ಣು ಹಾಯಿಸಿದರೆ, ಗುರುಗುಟ್ಟಿದರೆ ಅದಕ್ಕೆ ನೀವು ಓಗೊಡುತ್ತೀರಿ. ಆಮೇಲೆ ಸುಮ್ಮನಿದ್ದು, ಅದು ಮತ್ತೆ ಏನಾದರೂ ಮಾಡಲಿ ಅಂತ ಕಾಯುತ್ತೀರಿ. ನಾವು ಮರೆಯುವುದು ಈ ಕಾಯುವುದನ್ನೇ. ಪ್ರಶ್ನೆ ಕೇಳಿ ಒಂದು ಕ್ಷಣವೂ ಬಿಡದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗುವಿನ ಮೆದುಳಿಗೆ ಮಾತು ಹುಡುಕಿ ತರಲು ಅಷ್ಟು ಹೊತ್ತು ಬೇಕು.

2018ರಲ್ಲಿ ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಮನೆಯ ಮಾತುಗಳನ್ನು ರೆಕಾರ್ಡ್ ಮಾಡಿ, ಆಮೇಲೆ ಮಕ್ಕಳು ಕಥೆ ಕೇಳುತ್ತಿರುವಾಗ ಮೆದುಳಿನ ಸ್ಕ್ಯಾನ್ ಮಾಡಿದರು. ದೊಡ್ಡವರು ಒಟ್ಟು ಎಷ್ಟು ಪದ ಆಡಿದರು ಅನ್ನುವುದು ಅಷ್ಟು ಮುಖ್ಯವಾಗಲಿಲ್ಲ. ದೊಡ್ಡವರು ಮತ್ತು ಮಗುವಿನ ನಡುವೆ ಮಾತು ಎಷ್ಟು ಸಲ ಆಚೆ ಈಚೆ ಹೋಯಿತು ಅನ್ನುವುದು ಮುಖ್ಯವಾಯಿತು. ಹಾಗೆ ಜಾಸ್ತಿ ಮಾತಾಡಿದ ಮಕ್ಕಳಲ್ಲಿ ಮೆದುಳಿನ ಭಾಷೆಯ ಭಾಗ ಹೆಚ್ಚು ಚುರುಕಾಗಿತ್ತು. ಮನೆಯ ಆದಾಯ, ಅಪ್ಪ ಅಮ್ಮನ ಓದು ಇವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಹಾಗೇ ಉಳಿಯಿತು. ದಿನವಿಡೀ ಮಗುವಿಗೆ ಭಾಷಣ ಮಾಡಬೇಕಿಲ್ಲ ಅಂತ ನನಗೆ ಇದರಿಂದ ತುಂಬ ಸಮಾಧಾನವಾಯಿತು.

ಏನು ಮಾತಾಡುವುದು ಅಂತ ತೋಚದಿದ್ದರೆ, ಮಾಡುತ್ತಿರುವ ಕೆಲಸವನ್ನೇ ಹೇಳಿ. "ಈಗ ಬಲಗಾಲಿಗೆ ಸಾಕ್ಸ್ ಹಾಕೋಣ. ಇನ್ನೊಂದು ಎಲ್ಲಿ?" ಮಗು "ಬೌ" ಅಂದರೆ "ಹೌದು, ನಾಯಿ! ದೊಡ್ಡ ನಾಯಿ ಮಲಗಿದೆ" ಅನ್ನಿ. ಅದರ ಒಂದು ಪದಕ್ಕೆ ನೀವು ಎರಡು ಪದ ಸೇರಿಸಿದರೆ ಸಾಕು.

ಮೊಬೈಲಿನಲ್ಲಿ ಕಲಿಕೆಯ ವಿಡಿಯೋಗಳಿವೆಯಲ್ಲ, ಅದೂ ಮಾತಾಡುತ್ತದೆ?

ಮಾತಾಡುತ್ತದೆ, ಓಗೊಡುವುದಿಲ್ಲ. 2003ರಲ್ಲಿ ಪೆಟ್ರೀಷಿಯಾ ಕುಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿನ ಜೊತೆ ಮನುಷ್ಯರೇ ಕೂತು ಆಡಿ, ಓದಿ, ಮಾತಾಡಿದರು. 12 ಸಲ ಹೀಗೆ ಮಾಡಿದ ಮೇಲೆ ಆ ಕೂಸುಗಳು ಮ್ಯಾಂಡರಿನ್‌ನ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿದವು. ಅದೇ ಜನ, ಅದೇ ಮಾತನ್ನು ವಿಡಿಯೋದಲ್ಲಿ ನೋಡಿದ ಕೂಸುಗಳು ಏನೂ ಕಲಿಯಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷ ತುಂಬುವವರೆಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ದೂರದಲ್ಲಿರುವ ಅಜ್ಜ ಅಜ್ಜಿಯ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುವುದನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಅಲ್ಲಿ ಆ ಕಡೆ ಓಗೊಡುವ ಮನುಷ್ಯರಿದ್ದಾರೆ.

ಯಾರೂ ನೋಡದೆ ಸುಮ್ನೆ ಉರಿಯುವ ಟಿವಿಯನ್ನು ಆರಿಸಿಬಿಡಿ. ಅದು ಓಡುತ್ತಿದ್ದರೆ ಮಗುವಿನ ಆಟ ತುಂಡು ತುಂಡಾಗುತ್ತದೆ, ಮನೆಯವರ ಮಾತೂ ಕಡಿಮೆಯಾಗುತ್ತದೆ. ಒಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ: ಮಗುವಿನ ಕೈಯಲ್ಲಿರುವ ಮೊಬೈಲಿಗಿಂತ ನಮ್ಮ ಕೈಯಲ್ಲಿರುವ ಮೊಬೈಲು ಜಾಸ್ತಿ ಮಾತು ಕದಿಯುತ್ತದೆ.

ಮನೆಯಲ್ಲಿ ಎರಡು ಭಾಷೆ ಇದೆ. ಮಗು ಗೊಂದಲ ಮಾಡಿಕೊಳ್ಳುವುದಿಲ್ಲವಾ?

ಇಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಸಹಜ, ಅದು ದೋಷವಲ್ಲ. ನಿಮಗೆ ಸಲೀಸಾಗಿ ಬರುವ, ಮನಸ್ಸು ಬಿಚ್ಚಿ ಮಾತಾಡುವ ಭಾಷೆಯಲ್ಲೇ ಮಾತಾಡಿ. ಶಾಲೆಯ ಭಾಷೆ ಅಭ್ಯಾಸವಾಗಲಿ ಅಂತ, ನಿಮಗೇ ತಡವರಿಸುವ ಭಾಷೆಯಲ್ಲಿ ನಾಲ್ಕು ಪದಕ್ಕೆ ಮಾತು ನಿಲ್ಲಿಸಿದರೆ ಮಗುವಿಗೆ ನಷ್ಟ.

ಪುಸ್ತಕ ಯಾವಾಗಿನಿಂದ ಓದಿ ಹೇಳಬಹುದು? ಅದೇ ಪುಸ್ತಕ ಮತ್ತೆ ಮತ್ತೆ ಕೇಳುತ್ತದೆ, ಏನು ಮಾಡುವುದು?

ಕೂಸು ಇರುವಾಗಲೇ ಶುರು ಮಾಡಿ. ಮೊದಲು ಅದು ಪುಸ್ತಕ ಕಚ್ಚುತ್ತದೆ, ಕಚ್ಚಲಿ ಬಿಡಿ. ಪುಟ ಬಿಟ್ಟು ಪುಟ ಹಾರಿದರೂ ಪರವಾಗಿಲ್ಲ. ಪೂರ್ತಿ ಓದಿ ಮುಗಿಸುವುದು ಇಲ್ಲಿ ಗುರಿಯಲ್ಲ. ಚಿತ್ರ ನೋಡುತ್ತಾ "ಇವಳು ಯಾಕೆ ಅಳ್ತಿದ್ದಾಳೆ?", "ಬಾಗಿಲ ಹಿಂದೆ ಯಾರಿರಬಹುದು?" ಅಂತ ಕೇಳಿ, ಕಾಯಿರಿ.

ಅದೇ ಪುಸ್ತಕ ನೂರು ಸಲ ಕೇಳಿದರೆ ನೂರು ಸಲ ಓದಿ. ನಿಮಗೆ ಬೇಜಾರು, ಗೊತ್ತು. ಮಗುವಿಗೆ ಮುಂದೇನು ಬರುತ್ತದೆ ಅಂತ ಊಹಿಸಿ, ಅದು ಸರಿಯಾದಾಗ ಸಿಗುವ ಖುಷಿ ದೊಡ್ಡದು. ಒಂದು ಪದ ತಪ್ಪಾಗಿ ಓದಿ ನೋಡಿ, ಕೂಡಲೇ ತಿದ್ದುತ್ತದೆ. ಓದಲು ಬಾರದ ಅಪ್ಪ ಅಮ್ಮ, ಅಜ್ಜ ಅಜ್ಜಿ ಇದ್ದರೆ ಚಿತ್ರ ನೋಡಿ ತಮ್ಮದೇ ಕಥೆ ಹೇಳಲಿ. ಒಂದಿಷ್ಟೂ ಕಡಿಮೆಯಲ್ಲ.

ಪ್ರಾಸದ ಆಟವನ್ನೂ ಆಡಿ. ನಾಯಿ, ಬಾಯಿ, ತಾಯಿ... ಇನ್ನೇನು? ಮಗು "ಕಾಯಿ" ಅಂದರೆ ಸರಿ, "ಲಾಯಿ" ಅಂದರೂ ಸರಿ. ಪದವನ್ನು ಸದ್ದುಗಳಾಗಿ ಬಿಡಿಸಲು ಅದರ ಕಿವಿ ಕಲಿಯುತ್ತಿದೆ. ಓದು ಹತ್ತುವುದು ಈ ಕಿವಿಯ ಬಲದಿಂದ.

ಬರವಣಿಗೆ ಯಾವಾಗ ಶುರು ಮಾಡಿಸಬೇಕು? ಪಕ್ಕದ ಮನೆಯ ಮೂರು ವರ್ಷದ ಮಗು ಆಗಲೇ ಬರೆಯುತ್ತಿದೆ.

ಪಕ್ಕದ ಮನೆಯನ್ನು ಬಿಡಿ, ನಿಮ್ಮ ಮಗುವಿನ ಕೈ ನೋಡಿ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಗಟ್ಟಿ ಮೂಳೆಯಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ, ವರ್ಷಗಟ್ಟಲೆ ಸಮಯ ತೆಗೆದುಕೊಂಡು ಗಟ್ಟಿಯಾಗುತ್ತವೆ. ಐದು ವರ್ಷದ ಮಗುವಿನ ಕೈಯ ಎಕ್ಸ್‌ರೇಯಲ್ಲಿ ಎಂಟೂ ಕಾಣುವುದಿಲ್ಲ. ಬೆರಳಿನ ಬಲವೂ ಹಾಗೇ ನಿಧಾನವಾಗಿ ಬರುತ್ತದೆ. ಇಂಥ ಕೈಗೆ ಪೆನ್ಸಿಲ್ ಕೊಟ್ಟು ಎರಡು ಪುಟ ಬರೆ ಅಂದರೆ ಕೈ ನೋಯುತ್ತದೆ. ಆ ನೋವಿನ ಜೊತೆ ಅಕ್ಷರವೂ ಬೇಡವಾಗುತ್ತದೆ.

ನನ್ನ ಮಗಳಿಗೆ ಮೂರೂವರೆ ವರ್ಷ ಇದ್ದಾಗಿನ ಒಂದು ಬೆಳಗ್ಗೆ ನೆನಪಿದೆ. ಹೊರಡಲು ಹೊತ್ತಾಗಿತ್ತು. ಅವಳು ನೆಲದ ಮೇಲೆ ಕೂತು ಅಂಗಿಯ ಗುಂಡಿ ಹಾಕುತ್ತಿದ್ದಳು. ನಾಲಿಗೆ ತುದಿ ಹೊರಗೆ. ಗದ್ದ ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಕಾಜ ಹಿಗ್ಗಿಸಿ, ಬಲಗೈ ಹೆಬ್ಬೆರಳಿನಿಂದ ಗುಂಡಿಯನ್ನು ತಳ್ಳುತ್ತಿದ್ದಳು. ಅರ್ಧ ಒಳಗೆ ಹೋಗಿ ಜಾರಿತು. ಮತ್ತೆ ತಳ್ಳಿದಳು, ಮತ್ತೆ ಜಾರಿತು. ನಾನು ಕೈ ಚಾಚಿದೆ. ತಲೆ ಎತ್ತದೆ ನನ್ನ ಕೈಯನ್ನು ಮೊಣಕೈಯಿಂದ ಸರಿಸಿದಳು. ಕೊನೆಗೆ ಗುಂಡಿ ಕಾಜದೊಳಗೆ ಹೊಕ್ಕಿತು. ಒಂದು ಮನೆ ಮೇಲಿನ ಕಾಜಕ್ಕೆ ಹಾಕಿದ್ದಳು, ಅಂಗಿ ಸೊಟ್ಟಗೆ ನಿಂತಿತ್ತು. ಹಾಗೇ ಹೊರಟೆವು. ಅವತ್ತು ಅವಳು ಒಂದು ಅಕ್ಷರವನ್ನೂ ಬರೆಯಲಿಲ್ಲ. ಆದರೆ ಪೆನ್ಸಿಲ್ ಹಿಡಿಯಲು ಬೇಕಾದ ಹೆಬ್ಬೆರಳು ತೋರುಬೆರಳಿನ ಹಿಡಿತ, ಎರಡು ಕೈ ಎರಡು ಕೆಲಸ ಮಾಡುವ ಹೊಂದಾಣಿಕೆ, ಜಾರಿದರೂ ಬಿಡದ ಗಮನ, ಮೂರೂ ಆ ಒಂದು ಗುಂಡಿಯಲ್ಲಿತ್ತು.

ಹಾಗಾಗಿ ಮೊದಲು ಹಿಟ್ಟು ಮಣ್ಣು ಕಲಸಲಿ, ಕಾಗದ ಹರಿಯಲಿ, ಮಣಿ ಪೋಣಿಸಲಿ, ಬಟ್ಟೆ ಕ್ಲಿಪ್ ಹಾಕಲಿ, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯಲಿ. ಗೀಚಲು ದೊಡ್ಡ ಹಾಳೆ, ದಪ್ಪ ಬಳಪ ಕೊಡಿ. ತಾನಾಗಿ "ನನ್ನ ಹೆಸರು ಹೇಗೆ ಬರೆಯೋದು?" ಅಂತ ಕೇಳುವ ದಿನ ಬರುತ್ತದೆ. ಅವತ್ತು ತೋರಿಸಿ.

ನೂರರವರೆಗೆ ಎಣಿಸುತ್ತದೆ. ಲೆಕ್ಕ ಬಂದ ಹಾಗಲ್ವಾ?

ಒಂದು ಪುಟ್ಟ ಪರೀಕ್ಷೆ ಮಾಡಿ. ಗುಂಡಿಗಳ ಡಬ್ಬ ಮುಂದಿಟ್ಟು "ನಾಲ್ಕು ಕೊಡು" ಅನ್ನಿ. ಎಣಿಸಲು ಬರುವ ಎಷ್ಟೋ ಮಕ್ಕಳು ಒಂದು ಹಿಡಿ ಕೊಡುತ್ತವೆ. ಅಂಕಿಗಳ ಹೆಸರು ಒಪ್ಪಿಸುವುದು ಹಾಡು ಹೇಳಿದ ಹಾಗೆ. ಕೊನೆಗೆ ಎಣಿಸಿದ ಅಂಕಿಯೇ ಒಟ್ಟು ಎಷ್ಟು ಅಂತ ಹೇಳುತ್ತದೆ ಅನ್ನುವುದು ಬೇರೆ ತಿಳಿವಳಿಕೆ. ಅದು ಕೈಯಲ್ಲಿ ಎಣಿಸಿಯೇ ಬರಬೇಕು. ಮೆಟ್ಟಿಲು ಎಣಿಸಿ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತಟ್ಟೆ ಇಡಿಸಿ. "ಯಾವುದರಲ್ಲಿ ಜಾಸ್ತಿ ಇದೆ?" ಅಂತ ಕೇಳಿ. ಬೆರಳಲ್ಲಿ ಎಣಿಸಿದರೆ ಬೈಯಬೇಡಿ.

ಒಂದು ಕಡೆ ಕೂರುವುದೇ ಇಲ್ಲ. ಗಮನ ಬರಿಸುವುದು ಹೇಗೆ?

ಮೂರು ವರ್ಷದ ಮಗು ಕೂರುವುದಿಲ್ಲ. ಕೂರಬಾರದು ಕೂಡ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಮೈ ಆಡಿಸಬೇಕು ಅನ್ನುತ್ತದೆ ಅದೇ ವಿಶ್ವ ಆರೋಗ್ಯ ಸಂಸ್ಥೆ. ಓಡಿ, ಹತ್ತಿ, ಹಾರಿದ ಮಗುವೇ ಆಮೇಲೆ ಕೂರುತ್ತದೆ.

ತಡೆದುಕೊಳ್ಳುವ ಶಕ್ತಿ ಆಟದಲ್ಲಿ ಬೆಳೆಯುತ್ತದೆ. ಹಾಡು ನಿಂತ ಕೂಡಲೇ ಕಲ್ಲಿನ ಹಾಗೆ ನಿಲ್ಲುವ ಆಟ ಆಡಿ. "ತಲೆ ಅಂದರೆ ಕಾಲು ಮುಟ್ಟು, ಕಾಲು ಅಂದರೆ ತಲೆ ಮುಟ್ಟು" ಅಂತ ಉಲ್ಟಾ ಆಟ ಆಡಿ. ಮನೆಯಾಟ, ಡಾಕ್ಟರಾಟ ಇನ್ನೂ ದೊಡ್ಡ ಪಾಠ. ಡಾಕ್ಟರಾದ ಮಗು ಡಾಕ್ಟರಂತೆಯೇ ಇರಬೇಕು, ಸೂಜಿ ಬೇಕು ಅಂತ ಅಳುವ ಹಾಗಿಲ್ಲ! ಆ ಕಟ್ಟುಪಾಡನ್ನು ಅದು ತಾನೇ ಹಾಕಿಕೊಳ್ಳುತ್ತದೆ.

ಮಗು ಯಾವುದರಲ್ಲಾದರೂ ಮುಳುಗಿರುವಾಗ ಕರೆಯಬೇಡಿ. ಇರುವೆ ಸಾಲು ನೋಡುತ್ತಾ ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತ ಮಗುವಿಗೆ ಗಮನ ಇಲ್ಲ ಅಂತ ಹೇಗೆ ಹೇಳುವುದು?

ಹೊಡೆದು, ಹೆದರಿಸಿದರೆ ಬೇಗ ಕಲಿಯುತ್ತದಲ್ಲ?

ಹೆದರಿದ ಮೆದುಳು ತಪ್ಪಿಸಿಕೊಳ್ಳುವುದನ್ನು ಮಾತ್ರ ಕಲಿಯುತ್ತದೆ. ಹೆದರಿಕೆಯಲ್ಲಿ ಮೈಯೆಲ್ಲ ಎಚ್ಚರವಾಗಿ, ಯೋಚಿಸುವ ಭಾಗ ಹಿಂದೆ ಸರಿಯುತ್ತದೆ. ದಿನವೂ ಹೀಗೇ ಆದರೆ ಬೆಳೆಯುವ ಮೆದುಳಿಗೆ ಪೆಟ್ಟು. ಹಠ ಹಿಡಿದು ಅಳುವಾಗ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ಹತ್ತಿರ ಕೂತು, ಸಮಾಧಾನವಾದ ಮೇಲೆ "ಸಿಟ್ಟು ಬಂದಿತ್ತಾ?" ಅಂತ ಕೇಳಿ. ಸಿಟ್ಟಿಗೆ ಒಂದು ಹೆಸರು ಸಿಕ್ಕರೆ ಮುಂದಿನ ಸಲ ಅದನ್ನು ಬಾಯಲ್ಲಿ ಹೇಳಬಹುದು. ನೀವೇ ಕೂಗಾಡಿಬಿಟ್ಟಿರಾ? ಹೋಗಿ "ನಾನು ಕಿರುಚಬಾರದಿತ್ತು" ಅನ್ನಿ. ನಾನೂ ಅಂದಿದ್ದೇನೆ.

ನಿದ್ದೆ ಎಷ್ಟು ಬೇಕು?

ಒಂದೆರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12. ಚಿಕ್ಕ ಮಕ್ಕಳ ಹಗಲು ನಿದ್ದೆಯೂ ಇದರಲ್ಲೇ ಸೇರಿದೆ. ಹಗಲು ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ. ನಿದ್ದೆ ಕಡಿತ ಮಾಡಿ ಓದಿಸುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಮೆದುಳಿಗೆ ಅಂತಲೇ ಟಾನಿಕ್, ಪುಡಿ ಬೇಕಾ?

ಬೇಡ. ಆದರೆ ಕಬ್ಬಿಣಾಂಶ ಮತ್ತು ಅಯೋಡಿನ್ ಕೊರತೆ ನಿಜಕ್ಕೂ ಕಲಿಕೆಗೆ ಹೊಡೆತ ಕೊಡುತ್ತದೆ. ಮಗು ಬಿಳಿಚಿಕೊಂಡು, ಸದಾ ಸುಸ್ತಾಗಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಳೆಯ ಬಣ್ಣದ ಸಿಪ್ಪೆ ಏಳುವ ಗೋಡೆ, ಆಟಿಕೆಗಳಿಂದ ದೂರ ಇಡಿ. ಅದರಲ್ಲಿ ಸೀಸ ಇರಬಹುದು, ಅದು ಮೆದುಳಿಗೆ ವಿಷ.

ಹೊಟ್ಟೆಯಲ್ಲಿರುವಾಗಲೇ ಮೊಜಾರ್ಟ್ ಸಂಗೀತ, ಬಲ ಮೆದುಳಿನ ತರಬೇತಿ, ಕಣ್ಣು ಕಟ್ಟಿ ಓದಿಸಿ "ನಡು ಮೆದುಳು ಎಬ್ಬಿಸುವ" ತರಗತಿ... ಇವೆಲ್ಲ?

ಮೊಜಾರ್ಟ್ ಕಥೆ ಹುಟ್ಟಿದ್ದು 1993ರ ಒಂದು ಚಿಕ್ಕ ಪ್ರಯೋಗದಿಂದ. ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಕೂಸುಗಳಲ್ಲ. ಸಿಕ್ಕ ಲಾಭ ಹತ್ತು ಹದಿನೈದು ನಿಮಿಷದ್ದು. ಸಂಗೀತ ಖುಷಿಗೆ ಕೇಳಿ, ಕುಣಿಯಿರಿ, ಅಷ್ಟು ಸಾಕು. ಎಲ್ಲರೂ ಮೆದುಳಿನ ಎರಡೂ ಬದಿಯನ್ನು ಬಳಸುತ್ತಾರೆ. ನಡು ಮೆದುಳು ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇದೆ, ಅದನ್ನು ಯಾರೂ ಬಂದು ಎಬ್ಬಿಸಬೇಕಿಲ್ಲ. ಕಣ್ಣು ಪೂರ್ತಿ ಮುಚ್ಚಿದರೆ ಅಚ್ಚಿನ ಅಕ್ಷರವನ್ನು ಯಾರೂ ಓದಲಾರರು, ಪಟ್ಟಿಯ ಸಂದಿಯಿಂದ ನೋಡುತ್ತಾರೆ. ಆ ದುಡ್ಡು ಉಳಿಸಿ.

"ಎಷ್ಟು ಬುದ್ಧಿವಂತ!" ಅಂತ ಹೊಗಳಬಹುದಾ?

ಪ್ರೀತಿಯಿಂದ ಅಂದರೆ ಮುಳುಗುವುದೇನಿಲ್ಲ. ಆದರೆ 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗಗಳಲ್ಲಿ ಒಂದು ಸಂಗತಿ ಕಂಡಿತು. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಬಿಟ್ಟರು. ಪಟ್ಟ ಶ್ರಮವನ್ನು ಹೊಗಳಿಸಿಕೊಂಡವರು ಇನ್ನಷ್ಟು ಹೊತ್ತು ಗುದ್ದಾಡಿದರು. ಮಗು ಬ್ಲಾಕ್ ಜೋಡಿಸಿ ಗೋಪುರ ಕಟ್ಟಿದರೆ, "ಮೂರು ಸಲ ಬಿತ್ತು, ನಾಲ್ಕನೇ ಸಲ ಕೆಳಗೆ ದೊಡ್ಡದಿಟ್ಟೆ, ಅಲ್ವಾ?" ಅಂತ ನೋಡಿದ್ದನ್ನು ನೋಡಿದ ಹಾಗೆ ಹೇಳಿ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಮಯ ಎಲ್ಲಿಂದ ತರುವುದು?

ಬೇರೆ ಸಮಯ ಬೇಡ. ಸ್ನಾನ, ಬಟ್ಟೆ ಹಾಕುವುದು, ಊಟ, ಮಲಗುವುದು, ಇವು ಹೇಗೂ ಆಗಬೇಕಾದ ಕೆಲಸ. ಅವುಗಳಲ್ಲೇ ಮಾತಾಡಿ. ಬಟ್ಟೆ ಮಡಚುವಾಗ ಸಾಕ್ಸ್ ಜೋಡಿ ಹುಡುಕಲು ಕೊಡಿ. ಮಗುವನ್ನು ನೋಡಿಕೊಳ್ಳುವ ಅಜ್ಜಿಗೋ ಆಯಾಗೋ ಇದೇ ಮಾತು ತಿಳಿಸಿ. ಸುಸ್ತಾಗಿ ಬಂದ ದಿನ ಮಗುವಿನ ಪಕ್ಕ ನೆಲದ ಮೇಲೆ ಮಲಗಿಬಿಡಿ. ಅದೇ ಬಂದು ನಿಮ್ಮ ಮೇಲೆ ಆಟ ಶುರು ಮಾಡುತ್ತದೆ.

ಶಾಲೆಗೆ ಹೋಗುವ ಮಗು ಓದಿದ್ದನ್ನು ಮರೆಯುತ್ತದೆ. ಮತ್ತೆ ಮತ್ತೆ ಓದಿಸಬೇಕಾ?

ಓದಿಸುವುದಕ್ಕಿಂತ ಪುಸ್ತಕ ಮುಚ್ಚಿ ಹೇಳಿಸಿ. 2006ರ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದು. ಮನೆಯಲ್ಲಿ ಇದು ತುಂಬ ಸುಲಭ. "ಇವತ್ತು ಏನು ಹೇಳಿಕೊಟ್ಟರು? ನನಗೆ ಗೊತ್ತಿಲ್ಲ, ನೀನೇ ಟೀಚರ್ ಆಗು" ಅನ್ನಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಒಂದು ವರ್ಷವಾದರೂ ತೊದಲು ಸದ್ದು ಮಾಡದಿದ್ದರೆ, ಬೆರಳು ತೋರಿಸುವುದು, ಟಾಟಾ ಮಾಡುವುದು ಏನೂ ಇಲ್ಲದಿದ್ದರೆ. 16 ತಿಂಗಳಾದರೂ ಒಂದೂ ಪದ ಆಡದಿದ್ದರೆ. ಎರಡು ವರ್ಷವಾದರೂ ಎರಡು ಪದ ಸೇರಿಸಿ ಹೇಳದಿದ್ದರೆ. ಹೆಸರು ಕರೆದಾಗ ತಿರುಗದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ಕಿವಿ ಸೋರುವ ಮಗುವಿಗೆ ಮಾತು ಸರಿಯಾಗಿ ಕೇಳಿಸುತ್ತಿರುವುದಿಲ್ಲ, ನಾವು ಹಠ ಅಂದುಕೊಳ್ಳುತ್ತೇವೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಕಣ್ಣು ಪರೀಕ್ಷೆ ಮಾಡಿಸಿ.

"ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಇರಬಹುದು. ಆದರೂ ತೋರಿಸಿ. ಕಲಿತಿದ್ದ ಮಾತನ್ನೋ ಆಟವನ್ನೋ ಮಗು ಬಿಟ್ಟುಬಿಟ್ಟಿದ್ದರೆ, ಯಾವ ವಯಸ್ಸೇ ಆಗಿರಲಿ, ಮುಂದಿನ ತಿಂಗಳಿಗೆ ಕಾಯದೆ ಈ ವಾರವೇ ಹೋಗಿ.